ಶನಿವಾರ ಗಾಡಿಗೆ, ಭಾನುವಾರ ನಮಗೆ

ಈ ಬೇಸಿಗೆಯಲ್ಲಿ ನನಗೆ ಶನಿವಾರ ಬೆಳಗ್ಗೆ ಎಂಟು ಗಂಟೆಯ ತನಕ ಮಲಗುವ ಯೋಗ ಬಂದಿದೆ. ಹದಿನಾಲ್ಕು ವರ್ಷದಿಂದ ಬಯಸಿದ್ದು ಇದನ್ನೇ. ಬಂದ ಮೇಲೆ ನೋಡಿದರೆ ಆರಕ್ಕೇ ಎಚ್ಚರವಾಗಿ ಪಕ್ಕದ ಕಾಂಪೌಂಡಿನ ಕಡೆ ಕಿವಿ ಕೊಟ್ಟು ಮಲಗಿರುತ್ತೇನೆ. ಸ್ಪ್ಯಾನರ್ ನೆಲಕ್ಕೆ ಬೀಳುವ ಸದ್ದಿಲ್ಲ, ಸೈಲೆನ್ಸರಿನ ಕೆಮ್ಮಿಲ್ಲ, ವ್ಯಾನಿನ ಅಡಿಯಿಂದ “ಚಾ ಆಯ್ತಾ?” ಎಂಬ ಕೂಗಿಲ್ಲ. ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಬೀದಿಯವರೆಲ್ಲ ಹೇಳಿದರು. ನನಗೆ ಮಾತ್ರ ಈ ಶನಿವಾರಗಳ ತೊಂದರೆ ಕೊಟ್ಟು ಹೋಗಿದ್ದಾರೆ.

ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಗೆಲ್ಲ ಅವರು ಚಾಚಾ. ಅವರ ಹೆಸರು ಹೇಳಿದರೆ ಬೀದಿಯ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುವುದಿಲ್ಲ, ಹಾಗಾಗಿ ನಾನೂ ಹೇಳುವುದಿಲ್ಲ. ಕುಳ್ಳಗಿನ ಗಟ್ಟಿ ಆಳು. ಗೋರಂಟಿ ಹಚ್ಚಿದ ಗಡ್ಡ, ಅದರ ತುದಿಯಲ್ಲಿ ಯಾವಾಗಲೂ ಒಂದಿಷ್ಟು ಗ್ರೀಸು. ಬಸ್ ಡಿಪೋದಲ್ಲಿ ಮೂವತ್ತು ಚಿಲ್ಲರೆ ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಆಮೇಲೆ ವಾರದ ದಿನಗಳಲ್ಲಿ ತಮ್ಮನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಿದ್ದರು. ಅಲ್ಲಿ ಅವರು ವ್ಯಾಪಾರ ಮಾಡಿದ್ದನ್ನು ನಾನು ನೋಡಿಲ್ಲ. ಹೊಸ ನಲ್ಲಿ ಕೇಳಿಕೊಂಡು ಬಂದವರಿಗೆ ಹಳೆಯದನ್ನೇ ಬಿಚ್ಚಿ ವಾಷರ್ ಬದಲಿಸುವುದು ಹೇಗೆ ಎಂದು ಹೇಳಿಕೊಟ್ಟು ಕಳಿಸುತ್ತಿದ್ದರು. ತಮ್ಮ ಪಾಪ ಒಳಗೊಳಗೇ ಹಲ್ಲು ಕಡಿಯುತ್ತಿದ್ದ.

ಅವರ ಬಳಿ ಒಂದು ಹಳೆಯ ವ್ಯಾನಿತ್ತು. ಒಂದು ಕಾಲಕ್ಕೆ ಬಿಳಿಯದಾಗಿತ್ತಂತೆ. ಬೇಸಿಗೆ ಬಂತೆಂದರೆ ಆ ವ್ಯಾನಿನ ವಿಷಯದಲ್ಲಿ ಅವರದೊಂದು ಕಾನೂನು: ಶನಿವಾರ ಗಾಡಿಗೆ, ಭಾನುವಾರ ನಮಗೆ. ಶನಿವಾರ ಬೆಳಗ್ಗೆ ಆರಕ್ಕೆ ವ್ಯಾನಿನ ಅಡಿಗೆ ನುಗ್ಗಿದರೆ ಸಂಜೆಯ ತನಕ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಭಾನುವಾರ ಬೆಳಗ್ಗೆ ಅದೇ ವ್ಯಾನಿನಲ್ಲಿ ಹಿಡಿಸಿದಷ್ಟು ಜನರನ್ನು ತುಂಬಿಕೊಂಡು ಎಲ್ಲಿಗಾದರೂ ಹೊರಡುತ್ತಿದ್ದರು. ಭಾನುವಾರ ಬಾನೆಟ್ ಎತ್ತುವಂತಿಲ್ಲ, ಶನಿವಾರ ಊರು ಬಿಡುವಂತಿಲ್ಲ. ಒಮ್ಮೆ ಶನಿವಾರದ ಮದುವೆಗೆ ಹೆಂಡತಿ ಚಾಚಿಯನ್ನು ಒಬ್ಬರನ್ನೇ ಬಸ್ಸಿಗೆ ಹತ್ತಿಸಿ, ತಾವು ವ್ಯಾನಿನ ಅಡಿಗೆ ಹೋಗಿದ್ದರು. ಚಾಚಿ ಮೂರು ದಿನ ಮಾತು ಬಿಟ್ಟಿದ್ದರು.

ಅವರು ಕೆಲಸ ಮಾಡುವ ರೀತಿ ನೋಡಬೇಕಿತ್ತು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹಾಕಲು ಚಾಚಿಯ ಹಳೆಯ ಇಡ್ಲಿ ತಟ್ಟೆಗಳಿದ್ದವು. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಆಮೇಲಿನದು ಎರಡನೆಯದಕ್ಕೆ, ಹೀಗೆ. ಜೋಡಿಸುವಾಗ ಕೊನೆಯ ಗುಳಿಯಿಂದ ವಾಪಸು ಬರಬೇಕು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಆಚೆ ಈಚೆ ಓಡಾಡುತ್ತಾ ಕಾಂಪೌಂಡಿನ ಮೇಲಿಂದ ಇಣುಕಿದರೆ ಸಾಕು, ಕೈಗೆ ತಟ್ಟೆ ಕೊಟ್ಟು ನಿಲ್ಲಿಸುತ್ತಿದ್ದರು. ಒಮ್ಮೆ ನಾನು ತಟ್ಟೆ ತಿರುಗಿಸಿ ಇಟ್ಟು ಎಲ್ಲ ಕ್ರಮ ತಪ್ಪಿಸಿದೆ. ಚಾಚಾ ತಟ್ಟೆ ನೋಡಿದರು, ನನ್ನನ್ನು ನೋಡಿದರು.

“ಮೇಷ್ಟ್ರೇ, ಮಕ್ಕಳಿಗೆ ಒಂದು ಎರಡು ನೀವೇ ಹೇಳ್ಕೊಡೋದಾ?”

ಬೈಗುಳ ಅಷ್ಟಕ್ಕೇ ಮುಗಿಯಿತು. ಮಧ್ಯಾಹ್ನವೆಲ್ಲಾ ಕೂತು ಮೊದಲಿನಿಂದ ಬಿಚ್ಚಿ ಜೋಡಿಸಿದರು. ಅವಸರ ಎನ್ನುವುದು ಅವರಿಗೆ ಆಗುತ್ತಲೇ ಇರಲಿಲ್ಲ. “ಅವಸರ ಇದ್ದೋರು ಬಸ್ಸಿಗೆ ಹೋಗ್ಲಿ, ಬಸ್ಸೂ ನಾವೇ ರಿಪೇರಿ ಮಾಡಿರೋದು” ಎನ್ನುತ್ತಿದ್ದರು.

ಮನೆಗೂ ಅದೇ ನಿಧಾನ. ಒಂದು ಬೇಸಿಗೆಗೆ ಒಂದೇ ಗೋಡೆಗೆ ಬಣ್ಣ. ಮುಂದಿನ ಬೇಸಿಗೆಗೆ ಅದೇ ಬಣ್ಣ ಸಿಗುತ್ತಿರಲಿಲ್ಲ, ಅಥವಾ ಸಿಕ್ಕರೂ ಚಾಚಿಗೆ ಬೇರೆಯದು ಇಷ್ಟವಾಗಿರುತ್ತಿತ್ತು. ಹೀಗಾಗಿ ಅವರ ಮನೆ ಪೂರ್ವಕ್ಕೆ ಹಸಿರು, ಪಶ್ಚಿಮಕ್ಕೆ ಗುಲಾಬಿ, ನಮ್ಮ ಕಡೆಗೆ ಒಂದು ಥರದ ಅರಿಶಿನ. ವಿಳಾಸ ಕೇಳಿಕೊಂಡು ಬರುವವರು ಯಾವ ಬೀದಿಯಿಂದ ಬರುತ್ತಾರೆ ಎಂಬುದರ ಮೇಲೆ ನಾವು ಬಣ್ಣ ಹೇಳಬೇಕಾಗುತ್ತಿತ್ತು.

ಭಾನುವಾರಗಳ ಕಥೆಯೇ ಬೇರೆ. ನಮ್ಮ ಮನೆಯಿಂದ ಪುಳಿಯೋಗರೆ, ಅವರ ಮನೆಯಿಂದ ಚಪಾತಿ ಮತ್ತು ಬೇಯಿಸಿದ ಮೊಟ್ಟೆ. ಹೋಗುತ್ತಿದ್ದದ್ದು ದೂರವೇನಲ್ಲ. ಮಾರ್ಕೋನಹಳ್ಳಿ ಡ್ಯಾಮಿಗೆ ಹೋದಾಗ ಎಲ್ಲರೂ ಕಟ್ಟೆಯ ಮೇಲೆ ನಿಂತು ನೀರು ನೋಡುತ್ತಿದ್ದರೆ ಚಾಚಾ ನೀರಿಗೆ ಬೆನ್ನು ಹಾಕಿ, ನಿಲ್ಲಿಸಿದ್ದ ಗಾಡಿಗಳನ್ನು ನೋಡುತ್ತಾ ನಿಂತಿದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದರ ಬೈಕಿನ ಚೈನು ಸಡಿಲವಾಗಿತ್ತಂತೆ. ಅವರೇನೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಮದುಮಗ ಚಕ್ರ ಹಿಡಿದು ಕೂತಿದ್ದ, ಮದುಮಗಳು ರೇಷ್ಮೆ ಸೆರಗಿನಲ್ಲಿ ನಟ್ಟು ಹಿಡಿದು ನಿಂತಿದ್ದಳು. ಅವತ್ತು ಭಾನುವಾರ, ನಿಮ್ಮ ಕಾನೂನು ಎಲ್ಲಿ ಹೋಯಿತು ಎಂದು ಕೇಳಿದೆ. “ಅದು ನಮ್ಮ ಗಾಡಿ ಅಲ್ವಲ್ಲ” ಎಂದರು.

ಇಷ್ಟು ಹೇಳಿದರೆ ಚಾಚಾ ಎಂದರೆ ಒಂದು ತಮಾಷೆ ಎಂದುಕೊಂಡೀರಿ. ಅವರು ನನ್ನ ಅಮ್ಮನಿಗೆ ಮಾಡಿದ್ದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಯಿತು, ಒಳಗೆ ಕಂಬಿ ಹಾಕಿದರು, ಮನೆಗೆ ಬಂದಳು. ಹಿಡಿದುಕೊಂಡರೆ ಹಾಸಿಗೆಯಿಂದ ಗಾಲಿಕುರ್ಚಿಗೆ ಬರುತ್ತಿದ್ದಳು, ಕಾಲೆತ್ತಿ ಏನನ್ನೂ ದಾಟಲು ಆಗುತ್ತಿರಲಿಲ್ಲ. ನಮ್ಮ ಮನೆಯ ಹೊಸಿಲು ಎತ್ತರದ್ದು, ಅದರ ಆಚೆ ಎರಡು ಮೆಟ್ಟಿಲು. ಎತ್ತಿ ದಾಟಿಸುತ್ತೇವೆ ಎಂದರೆ ಅಮ್ಮ ಸುತರಾಂ ಒಪ್ಪಲಿಲ್ಲ.

“ನನ್ನ ಎತ್ಕೊಂಡು ಹೊಸ್ಲು ದಾಟ್ಸೋದು ಒಂದೇ ಸಲ ಕಣೋ. ಅದಕ್ಕಿನ್ನೂ ಟೈಮ್ ಐತೆ” ಎಂದಳು.

ಹೀಗೆ ಎರಡು ವರ್ಷ ಅವಳು ಮನೆಯೊಳಗೇ ಇದ್ದಳು. ಅವಳಿಗೆ ಬೇರೆ ಏನೂ ಬೇಕಿರಲಿಲ್ಲ, ತಂಗಿಯನ್ನು ನೋಡಬೇಕಿತ್ತು. ನನ್ನ ಚಿಕ್ಕಮ್ಮ ಇರುವುದು ಕುಣಿಗಲ್ ಆಚೆ, ಹುತ್ರಿದುರ್ಗದ ಬುಡದ ಒಂದು ಹಳ್ಳಿಯಲ್ಲಿ. ಅವಳಿಗೂ ಮಂಡಿ ಹೋಗಿ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಅಕ್ಕತಂಗಿ ದಿನಾ ಬೆಳಗ್ಗೆ ಹತ್ತಕ್ಕೆ ಫೋನಿನಲ್ಲಿ “ಏನು ಸಾರು ಇವತ್ತು?” ಎಂದು ಶುರು ಮಾಡುತ್ತಿದ್ದರು. ಫೋನ್ ಇಟ್ಟ ಮೇಲೆ ಅಮ್ಮ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. “ಇಬ್ರಲ್ಲಿ ಒಬ್ರು ಹೋಗೋದ್ರೊಳಗೆ ಒಂದ್ಸಲ ಮುಖ ನೋಡ್ಬೇಕು” ಎಂದು ಅವಳು ಹೇಳಿದ್ದು ಒಂದೇ ಸಲ. ಅದು ನನ್ನ ತಲೆಯಲ್ಲಿ ದಿನಾ ಓಡುತ್ತಿತ್ತು.

ನಾನು ಬುದ್ಧಿವಂತಿಕೆ ಮಾಡಿ ಗಾರೆಯವನನ್ನು ಕರೆಸಿದೆ, ಹೊಸಿಲು ಕಿತ್ತು ನೆಲ ಸಮ ಮಾಡಿಸೋಣ ಎಂದು. ಅಮ್ಮ ಕುರ್ಚಿಯನ್ನು ತಳ್ಳಿಸಿಕೊಂಡು ಬಂದು ಹೊಸಿಲ ಮುಂದೆಯೇ ಕೂತಳು. ಗಾರೆಯವನು ಕಾಫಿ ಕುಡಿದು ಹೋದ. ಆ ಶನಿವಾರ ಕಾಂಪೌಂಡಿನ ಪಕ್ಕ ನಿಂತು ವ್ಯಾನಿನ ಅಡಿಯಲ್ಲಿದ್ದ ಪಾದಗಳ ಹತ್ತಿರ ಎಲ್ಲ ಗೋಳು ಹೇಳಿಕೊಂಡೆ. ಪಾದಗಳು ಅಲ್ಲಾಡಲಿಲ್ಲ. ಕೇಳಿಸಿತೋ ಇಲ್ಲವೋ ಎಂದುಕೊಂಡು ಒಳಗೆ ಬಂದೆ.

ಸಂಜೆ ಚಾಚಾ ಬಂದರು. ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟು, ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಹೊಸಿಲು ಮುಟ್ಟದೆ ಗಾಳಿಯಲ್ಲೇ ಗೇಣು ಹಾಕಿ ಅಳೆದರು.

“ಅಮ್ಮಾ, ಇದ್ರ ಮೇಲೆ ಏನೇನ್ ಇಡ್ತೀರಿ?”

“ಅರಿಶ್ನ, ಕುಂಕ್ಮ. ಶುಕ್ರವಾರ ಹೂವ.”

“ಗಾಲಿ ತಾಕ್ಬಾರ್ದು ಅಲ್ವಾ?”

“ತುಳೀಬಾರ್ದು ಕಣಪ್ಪ. ಲಕ್ಷ್ಮಿ ಇರೋ ಜಾಗ.”

“ಸರಿ. ತಾಕಲ್ಲ ಬುಡಿ” ಎಂದು ಎದ್ದು ಹೋದರು. ನಾನು ಎರಡು ವರ್ಷದಲ್ಲಿ ಅಮ್ಮನಿಗೆ ಇಷ್ಟು ಸರಳವಾದ ಪ್ರಶ್ನೆ ಕೇಳಿರಲಿಲ್ಲ. ಒಪ್ಪಿಸಲು ನೋಡಿದ್ದೆ, ಬೈದಿದ್ದೆ, ಈ ಕಾಲದಲ್ಲಿ ಇದೆಲ್ಲ ಏನು ಎಂದು ಪಾಠ ಮಾಡಿದ್ದೆ. ಗಾಲಿ ಎಲ್ಲಿ ಹೋಗಬಾರದು ಎಂದು ಮಾತ್ರ ಕೇಳಿರಲಿಲ್ಲ.

ಅವರ ಉಪಾಯ ಡಿಪೋದಿಂದ ಬಂದದ್ದು. ಬಸ್ಸಿನ ತಳ ನೋಡಲು ಅಲ್ಲಿ ನೆಲದಲ್ಲಿ ಉದ್ದದ ಗುಂಡಿ ಇರುತ್ತದಂತೆ. ಬಸ್ಸಿನ ಗಾಲಿಗಳು ಗುಂಡಿಯ ಎರಡು ಬದಿಯ ದಿಣ್ಣೆಯ ಮೇಲೆ ನಿಲ್ಲುತ್ತವೆ, ನಡುವಿನ ಗುಂಡಿಗೆ ಏನೂ ತಾಕುವುದಿಲ್ಲ. ಹಾಗೆಯೇ ಎರಡು ದಪ್ಪ ಹಲಗೆಗಳನ್ನು ಸೇತುವೆಯ ಹಾಗೆ ಕಟ್ಟಿದರು. ಮನೆಯ ಒಳಗಿನಿಂದ ಏರಿ, ಹೊಸಿಲಿನ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹಾದು, ಮೆಟ್ಟಿಲ ಆಚೆ ಅಂಗಳಕ್ಕೆ ಇಳಿಯಬೇಕು. ಕುರ್ಚಿಯ ಒಂದೊಂದು ಬದಿಯ ಗಾಲಿಗೆ ಒಂದೊಂದು ಹಲಗೆ. ನಡುವೆ ಹೊಸಿಲು, ಅದರ ಅರಿಶಿನ ಕುಂಕುಮ, ಎಲ್ಲ ಇದ್ದ ಹಾಗೆಯೇ.

ಎರಡು ವಾರ ಹಿಡಿಯಿತು. ಮೊದಲ ಶನಿವಾರ ಇಳಿಜಾರು ಕಡಿದಾಗಿತ್ತು. ಪರೀಕ್ಷೆಗೆ ರಾಗಿ ಮೂಟೆಯೊಂದನ್ನು ಕುರ್ಚಿಯಲ್ಲಿ ಕೂರಿಸಿ ತಳ್ಳಿದರು, ಮೂಟೆ ಸುಸೂತ್ರವಾಗಿ ಇಳಿಯಿತು. ಆಮೇಲೆ ನನ್ನನ್ನು ಕೂರಿಸಿದರು. ನಾನು ಗೇಟಿನ ಹತ್ತಿರದ ದಾಸವಾಳದ ಗಿಡದಲ್ಲಿ ಹೋಗಿ ನಿಂತೆ. ಅಮ್ಮ ಒಳಗಿನಿಂದ ನೋಡಿ ನಕ್ಕಳು. “ರಾಗಿಗಿರೋ ಬುದ್ಧಿ ಇವ್ನಿಗಿಲ್ಲ” ಎಂದಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಎರಡನೆಯ ಶನಿವಾರ ಹಲಗೆ ಉದ್ದ ಮಾಡಿದರು. ವ್ಯಾನಿನ ನಡುವಿನ ಸೀಟು ಕಿತ್ತು, ಕುರ್ಚಿ ಅಲ್ಲಾಡದಂತೆ ಕೊಂಡಿ ಕೂರಿಸಿದರು. ಹಿಂದಿನ ಬಾಗಿಲಿಗೆ ಕಬ್ಬಿಣದ ತಗಡೊಂದನ್ನು ಕೀಲು ಹಾಕಿ ವೆಲ್ಡ್ ಮಾಡಿಸಿದರು. ಬಿಚ್ಚಿದರೆ ಕುರ್ಚಿ ಹತ್ತುವ ಇಳಿಜಾರು, ಮಡಚಿದರೆ ಒಳಗೆ ಕೂರುತ್ತಿತ್ತು. ಬ್ರೇಕ್ ಲೈನರ್ ಹೊಸದು ಹಾಕಿದರು. “ಅಮ್ಮ ಕೂರೋ ಗಾಡಿ” ಎಂದು ತಾವೇ ಹೇಳಿಕೊಳ್ಳುತ್ತಿದ್ದರು.

ಮಾರನೆಯ ದಿನ ಬೆಳಗ್ಗೆ ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು, ಕೈಯಲ್ಲಿ ಕವರು ತುಂಬ ಕೋಡುಬಳೆ ಹಿಡಿದು ಹಲಗೆ ಏರಿದಳು. ಚಾಚಾ ಹಿಂದೆ ಹಿಡಿದಿದ್ದರು, ನಾನು ಮುಂದೆ. ಹೊಸಿಲಿನ ನೇರಕ್ಕೆ ಬಂದಾಗ ಅವಳು ಬಗ್ಗಿ ಕೆಳಗೆ ನೋಡಿದಳು. ಕುಂಕುಮ ಅಳಿಸಿರಲಿಲ್ಲ. ಅಂಗಳಕ್ಕೆ ಇಳಿದ ಮೇಲೆ ಎದುರು ಮನೆಯ ಕಡೆ ನೋಡಿ, “ನುಗ್ಗೆ ಮರ ಇಷ್ಟೆತ್ರ ಬಂದೈತಾ!” ಎಂದಳು. ನನಗೆ ಕಣ್ಣು ತುಂಬಿತು. ಚಾಚಾ ಹಲಗೆ ಎತ್ತಿ ಗೋಡೆಗೆ ಒರಗಿಸಿಟ್ಟು, ಬಾಗಿಲಿಗೆ ಬೀಗ ಹಾಕಿಕೊಳ್ಳಿ ಎಂದರು. ಜಾಗ ಸಾಲದ್ದರಿಂದ ನಾವು ಮೂವರೇ ಹೊರಟೆವು. ಹೆಬ್ಬೂರು, ಕುಣಿಗಲ್ಲು, ಕೆರೆ, ತೆಂಗಿನ ತೋಟ. ಅಮ್ಮ ದಾರಿಯುದ್ದಕ್ಕೂ ಬೋರ್ಡುಗಳನ್ನು ಜೋರಾಗಿ ಓದುತ್ತಿದ್ದಳು.

ಚಿಕ್ಕಮ್ಮನ ಮನೆ ಮುಂದೆ ವ್ಯಾನು ನಿಂತಿತು. ಚಾಚಾ ಇಳಿದು, ಬಾಗಿಲ ಕಡೆ ನೋಡಿ, ಅಲ್ಲೇ ನಿಂತುಬಿಟ್ಟರು. ಮೂರು ಕಲ್ಲಿನ ಮೆಟ್ಟಿಲು. ಅದರ ಮೇಲೆ ನಮ್ಮದಕ್ಕಿಂತ ಎತ್ತರದ ಹೊಸಿಲು. ಹಲಗೆಗಳು ಶೆಟ್ಟಿಹಳ್ಳಿಯಲ್ಲಿ ಗೋಡೆಗೆ ಒರಗಿಕೊಂಡಿದ್ದವು. ಎರಡು ವಾರ ನಾವೆಲ್ಲ ಅಮ್ಮನನ್ನು ಹೊರಗೆ ತರುವುದನ್ನೇ ಯೋಚಿಸಿದ್ದೆವು. ತಂಗಿಯ ಮನೆಗೂ ಒಂದು ಹೊಸಿಲು ಇರುತ್ತದೆ ಎಂದು ಲೆಕ್ಕದ ಮೇಷ್ಟ್ರಿಗಾಗಲೀ ಮೆಕ್ಯಾನಿಕ್ಕಿಗಾಗಲೀ ಹೊಳೆದಿರಲಿಲ್ಲ.

“ತೌಬಾ, ತೌಬಾ” ಎಂದು ಚಾಚಾ ಕೆನ್ನೆ ಬಡಿದುಕೊಂಡರು. “ನಾನೆಂಥ ಮೆಕ್ಯಾನಿಕ್ಕು ಮೇಷ್ಟ್ರೇ. ನೀವಿಲ್ಲೇ ಇರಿ, ನಾನ್ ಹೋಗಿ ತತ್ತೀನಿ.” ಹೋಗಿ ಬರಲು ಆ ವ್ಯಾನಿಗೆ ನಾಲ್ಕು ಗಂಟೆಯಾದರೂ ಬೇಕು.

ಅಷ್ಟರಲ್ಲಿ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ಮೆಟ್ಟಿಲು ಇಳಿಯಲು ಆಗದೆ ಅಲ್ಲಿಯೇ ನಿಂತು, “ಅಕ್ಕಾ” ಎಂದಳು. ಇಬ್ಬರ ನಡುವೆ ಹತ್ತು ಹೆಜ್ಜೆ ಅಂತರ. ಅಮ್ಮ ವ್ಯಾನಿನೊಳಗಿನಿಂದ ತಂಗಿಯನ್ನೇ ನೋಡಿದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ ರೇಗಿದಳು.

“ಏನ್ ನಿಂತ್ಕಂಡ್ ನೋಡ್ತೀರಾ? ಎತ್ರೋ!”

“ಅಮ್ಮಾ, ಎತ್ಬಾರ್ದು ಅಂದಿದ್ರಿ...” ಎಂದರು ಚಾಚಾ.

“ಎತ್ಕೊಂಡ್ ಹೊರಗ್ ಹೋಗ್ಬಾರ್ದು ಅಂದೆ ಕಣಪ್ಪ. ಎತ್ಕೊಂಡ್ ಒಳಗ್ ಬರ್ಬಾರ್ದು ಅಂದ್ನಾ?”

ಅದು ನಿಜವೇ. ಆಸ್ಪತ್ರೆಯಿಂದ ಬಂದ ದಿನ ಒಳಗೆ ಎತ್ತಿಕೊಂಡೇ ಹೋಗಿದ್ದೆವು, ಆಗ ಅವಳು ತಕರಾರು ಮಾಡಿರಲಿಲ್ಲ. ಕುರ್ಚಿ ಸಮೇತ ಎತ್ತಿ ಮೆಟ್ಟಿಲು ಹತ್ತಿದೆವು. ಚಿಕ್ಕಮ್ಮ ಅಕ್ಕನ ಕೆನ್ನೆ ಎರಡನ್ನೂ ಹಿಡಿದುಕೊಂಡು, “ಎಷ್ಟ್ ಸಣ್ಣ ಆಗಿದ್ದೀಯೇ” ಎಂದು ಅತ್ತಳು. ಅಮ್ಮ ಅಳಲಿಲ್ಲ. “ನೀನ್ ದಪ್ಪ ಆಗಿದ್ದೀಯಲ್ಲ, ಸರಿಹೋಯ್ತು ಬುಡು” ಎಂದಳು. ಚಾಚಾ ತಿರುಗಿ ಹೊರಗೆ ಹೋಗಿ ವ್ಯಾನಿನ ಟೈರು ಒತ್ತಿ ನೋಡುತ್ತಾ ನಿಂತರು.

ಮುದ್ದೆ, ಬಸ್ಸಾರು ಊಟವಾಯಿತು. ಚಾಚಾ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ನಾಲ್ಕು ಗಂಟೆಗೆ ಹೊರಡೋಣವೇ ಎಂದೆ. ಅಮ್ಮ ಕಣ್ಣು ಅರಳಿಸಿ ನನ್ನನ್ನು ನೋಡಿದಳು.

“ಹೆಂಗೆ? ಎತ್ಕೊಂಡ್ ಹೊರಗ್ ಹೋಗಂಗಿಲ್ಲ. ಹಲ್ಗೆ ತುಮಕೂರಲ್ಲೈತೆ. ಮುಂದಿನ ಭಾನುವಾರ ಹಲ್ಗೆ ತಗೊಂಡ್ ಬನ್ನಿ.”

ಅವಳು ಇದನ್ನೆಲ್ಲ ಲೆಕ್ಕ ಹಾಕಿಯೇ ಒಳಗೆ ಹೋಗಿದ್ದಳೋ ಏನೋ. ಗಣಿತ ನನಗೆ ಯಾರ ಕಡೆಯಿಂದ ಬಂತೆಂದು ಅವತ್ತು ಗೊತ್ತಾಯಿತು.

ಮುಂದಿನ ಭಾನುವಾರ ಹಲಗೆಗಳನ್ನು ವ್ಯಾನಿನ ನೆತ್ತಿಯ ಮೇಲೆ ಕಟ್ಟಿಕೊಂಡು ಹೋದೆವು. ಅಕ್ಕತಂಗಿ ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಯಾವುದೋ ಅರವತ್ತು ವರ್ಷದ ಹಿಂದಿನ ಜಗಳ ನಡೆದಿತ್ತು, ಒಂದು ರಿಬ್ಬನ್ನಿನ ವಿಷಯಕ್ಕೆ. ನಮ್ಮನ್ನು ಕಂಡು ಅಮ್ಮ “ಬಂದ್ರಾ?” ಎಂದಳು. ರಜೆ ಮುಗಿದು ಸ್ಕೂಲು ಶುರುವಾದ ದಿನ ನನ್ನ ಕ್ಲಾಸಿನ ಮಕ್ಕಳು ಹೊತ್ತು ಬರುವಂಥ ಮುಖ. ಚಿಕ್ಕಮ್ಮ ಹುಣಸೆಹಣ್ಣು ಎತ್ತಿಡತೊಡಗಿದಳು.

ಚಾಚಾ ಹಗ್ಗ ಬಿಚ್ಚಲು ವ್ಯಾನಿನ ಹತ್ತಿರ ಹೋದವರು, ಅರ್ಧ ಗಂಟು ಬಿಚ್ಚಿ ನಿಂತರು. ಮತ್ತೆ ಕಟ್ಟಿದರು. ಬಾಗಿಲಿಗೆ ಬಂದು ಕೈ ಒರೆಸಿಕೊಂಡರು.

“ಅಮ್ಮಾ, ಬ್ರೇಕ್ ಯಾಕೋ ಸರಿ ಇಲ್ಲ. ಇವತ್ತು ನಿಮ್ಮನ್ನ ಕೂರಿಸ್ಕೊಂಡ್ ಹೋಗೋ ಧೈರ್ಯ ನಂಗಿಲ್ಲ. ಇನ್ನೊಂದ್ ವಾರ ಇಲ್ಲೇ ಇರ್ತೀರಾ?”

“ಬ್ರೇಕ್ ಸರಿ ಇಲ್ದಿದ್ರೆ ಏನ್ ಮಾಡಕ್ಕಾಗುತ್ತೆ ಹೇಳು” ಎಂದಳು ಅಮ್ಮ, ಆಗಲೇ ಹುಣಸೆಹಣ್ಣಿಗೆ ಕೈ ಹಾಕುತ್ತಾ. ಅವಳು ಮನೆಗೆ ಬಂದದ್ದು ಅದರ ಮುಂದಿನ ವಾರ, ಹಲಗೆಯ ಮೇಲೆ ಠೀವಿಯಿಂದ, ಮಡಿಲಲ್ಲಿ ಹುಣಸೆಹಣ್ಣಿನ ಗಂಟು ಇಟ್ಟುಕೊಂಡು.

ಆದರೆ ನಾನು ಹೇಳಬೇಕಾದ್ದು ಆ ಭಾನುವಾರ ಖಾಲಿ ವ್ಯಾನಿನಲ್ಲಿ ವಾಪಸು ಬಂದ ದಾರಿಯದು. ಕುಣಿಗಲ್ ಇನ್ನೂ ಬಂದಿರಲಿಲ್ಲ. ತಿರುವಿನಲ್ಲಿ ಕುರಿಮಂದೆಯೊಂದು ರಸ್ತೆಗೆ ನುಗ್ಗಿತು. ಚಾಚಾ ಕಾಲು ಒತ್ತಿದರು. ವ್ಯಾನು ಕುರಿಗಳಿಗೆ ಒಂದು ಮಾರು ದೂರದಲ್ಲಿ ಕದಲದೆ ನಿಂತಿತು.

“ಬ್ರೇಕ್ ಸರಿ ಇಲ್ಲ ಅಂದ್ರಲ್ಲ ಚಾಚಾ?” ಎಂದೆ.

“ಸರಿಯಾಯ್ತಲ್ಲ ನೋಡಿ” ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಕುರಿಗಳು ಒಂದೊಂದಾಗಿ ದಾಟುತ್ತಿದ್ದವು, ಅವರು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಅವುಗಳನ್ನೇ ನೋಡುತ್ತಿದ್ದರು.

“ನಮ್ಮ ಅಮ್ಮಿಗೂ ಗುಬ್ಬೀಲಿ ಒಬ್ರು ತಂಗಿ ಇದ್ರು ಮೇಷ್ಟ್ರೇ, ನಮ್ಮ ಖಾಲಾ” ಎಂದರು. “ಕರ್ಕೊಂಡ್ ಹೋಗೋ, ಕರ್ಕೊಂಡ್ ಹೋಗೋ ಅಂತ ಅಮ್ಮಿ ದಿನಾ ಹೇಳೋರು. ಭಾನುವಾರ ನಾನು ಊರೋರ ಗಾಡಿಗಳ್ನೆಲ್ಲ ರಿಪೇರಿ ಮಾಡ್ತಿದ್ದೆ. ಮುಂದಿನ ವಾರ ಅಮ್ಮೀ, ಮುಂದಿನ ವಾರ ಅಮ್ಮೀ ಅಂತ ನಾಲ್ಕು ವರ್ಷ ಅಂದೆ. ಕೊನೆಗೆ ಕರ್ಕೊಂಡ್ ಹೋಗಿದ್ದು ಖಾಲಾ ತೀರ್ಕೊಂಡ್ಮೇಲೆ, ಮಯ್ಯತ್ತಿಗೆ.”

ಕೊನೆಯ ಕುರಿ ದಾಟಿತು. ರಸ್ತೆ ಖಾಲಿಯಾದರೂ ಅವರು ವ್ಯಾನು ಬಿಡಲಿಲ್ಲ.

“ತುಮಕೂರಿಂದ ಗುಬ್ಬಿ ಎಷ್ಟು ದೂರ ಹೇಳಿ? ಇಪ್ಪತ್ತು ಕಿಲೋಮೀಟ್ರು” ಎಂದರು. ಆಮೇಲೆ ಗೇರು ಹಾಕಿದರು.